ಮಗಳು ಬಿಟ್ಟುಹೋದ ತೂಕ

ನಾನು ದಪ್ಪ. ಇದನ್ನ ಮೊದಲೇ ಹೇಳಿಬಿಡೋದು ವಾಸಿ, ಇಲ್ಲದಿದ್ರೆ ನಮ್ಮೂರಿನವರು ಯಾರಾದರೂ ನಿಮ್ಮ ಕಿವಿಯಲ್ಲಿ ಊದೇ ಊದ್ತಾರೆ. ಹುಟ್ಟುವಾಗಲೇ ದಪ್ಪ ಇದ್ದೆನಂತೆ. ನನ್ನನ್ನ ಹೆತ್ತು ಎದ್ದಾಗ ನಮ್ಮವ್ವನ ಬಳೆ ಮೊಣಕೈವರೆಗೂ ಜಾರುತ್ತಿತ್ತಂತೆ. ಬೇರೆ ಊರಾಗಿದ್ದರೆ ಇದೊಂದು ಮಾತೇ ಅಲ್ಲ. ಆದರೆ ನಮ್ಮೂರಲ್ಲಿ ಮನೆಗೊಂದು ತೂಕ. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣೋರೆಲ್ಲ ಸೇರಿ ಅಷ್ಟೇ ತೂಗಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಬ್ಬರು ಮೈಕೈ ತುಂಬಿಕೊಂಡರು ಅಂದರೆ ಅದೇ ಮನೆಯಲ್ಲಿ ಇನ್ಯಾರದೋ ಕೆನ್ನೆ ಇಳೀತು ಅಂತಲೇ ಅರ್ಥ.

ಹೀಗಾಗಿ ಹೆಣ್ಣು ನೋಡೋಕೆ ಬಂದವರು ಇಲ್ಲಿ ಮುಖ ಆಮೇಲೆ ನೋಡ್ತಾರೆ, ಮೊದಲು ಮಣಿಕಟ್ಟು ನೋಡ್ತಾರೆ. ಸೊಸೆಗೆ ಜಾಗ ಮಾಡಿಕೊಡೋಕೆ ಮನೆಮಂದಿಯೆಲ್ಲ ಅಷ್ಟಷ್ಟು ಸೊರಗಬೇಕಲ್ಲ! ನನ್ನ ನೋಡೋಕೆ ಬಂದವರು ಉಪ್ಪಿಟ್ಟೂ ಮುಗಿಸದೆ ಎದ್ದು ಹೋದರು. ಹೋಗಲಿ ಬಿಡಿ, ಆ ಗಂಡಿಗೆ ಹಲ್ಲೂ ಉಬ್ಬಿತ್ತು. ಮಗಳನ್ನ ಕೊಟ್ಟ ಮನೆಯಲ್ಲಿ ಇದರ ತಿರುವುಮುರುವು. ಅವಳು ಹೊಸಿಲು ದಾಟಿದ ಮೇಲೆ ಅವಳ ತೂಕ ಉಳಿದವರ ಮೇಲೆ ಬಂದು ಕೂರುತ್ತೆ. "ಏನ್ರೀ, ಮಗಳ ಮದುವೆ ಮೈಗೆ ಹತ್ತಿದ ಹಾಗಿದೆ" ಅಂತ ಬೀದಿಯವರು ಛೇಡಿಸ್ತಾರೆ, ಅಪ್ಪ ಅಮ್ಮ ನಗ್ತಾರೆ, ಒಳಗೆ ಬಂದು ಅಳ್ತಾರೆ. ಗಂಡ ಸತ್ತ ಹೆಂಗಸು ತಿಥಿಯ ಹೊತ್ತಿಗೆ ರವಿಕೆ ಬಿಗಿಯಾಯ್ತಲ್ಲ ಅಂತ ನಾಚಿ ಸೆರಗು ಹೊದ್ದು ಮೂಲೆ ಸೇರಿದ್ದನ್ನ ನಾನೇ ನೋಡಿದೀನಿ. ಯಾಕೆ ಹೀಗೆ ಅಂತ ಯಾರೂ ಕೇಳಲ್ಲ. ಮಳೆ ಯಾಕೆ ಮೇಲಿಂದ ಕೆಳಕ್ಕೇ ಬೀಳುತ್ತೆ ಅಂತ ಯಾರಾದ್ರೂ ಕೇಳ್ತಾರಾ?

ನಮ್ಮ ಮನೇಲಿ ನಾವು ಮೂವರು. ನಾನು ಚೆನ್ನಾಜಿ, ನನ್ನ ತಮ್ಮ ಪಂಚಾಕ್ಷರಿ, ಅವನ ಹೆಂಡತಿ ವಿಶಾಲು. ಅವರ ಒಬ್ಬಳೇ ಮಗಳು ಹೇಮಿಯನ್ನ ಹೊಳೆಯಾಚೆ ಕೊಟ್ಟಿದ್ದೆವು. ಪಂಚಾಕ್ಷರಿ ಟೈಲರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಬಟ್ಟೆ ಹಾಕಿ ನೋಡೋಕೆ ಮೂಲೆಯಲ್ಲೊಂದು ಪರದೆ. ನಮ್ಮೂರಲ್ಲಿ ಟೈಲರಿಗೆ ಪೂಜಾರಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ, ಯಾಕೆಂದರೆ ಯಾರ ಮನೇಲಿ ಯಾರು ಇಳಿದರು, ಯಾರು ಏರಿದರು ಅನ್ನೋದು ಅವನಿಗೆ ಗೊತ್ತಿರುತ್ತೆ, ಅವನು ಬಾಯಿ ಬಿಡಲ್ಲ. ಪ್ರತಿ ಮನೆಯಲ್ಲೂ ಒಲೆಯ ಪಕ್ಕದ ಮೊಳೆಗೆ ಒಬ್ಬೊಬ್ಬರದೂ ಒಂದೊಂದು ದಾರ ನೇತು ಹಾಕಿರ್ತಾರೆ. ಅಮಾವಾಸ್ಯೆ ಬೆಳಿಗ್ಗೆ ಅದನ್ನ ಮಣಿಕಟ್ಟಿಗೆ ಸುತ್ತಿ ನೋಡೋದು. ತುದಿಗಳು ಒಂದರ ಮೇಲೊಂದು ಹಾದು ಹೋದರೆ ಇಳಿದಿದ್ದೀರಿ, ಮುಟ್ಟದೆ ನಿಂತರೆ ಏರಿದ್ದೀರಿ. ಬಸುರಿಗೆ ಮಾತ್ರ ಹೊಟ್ಟೆಗೊಂದು ಕೆಂಪು ದಾರ. ಅದು ಪ್ರತಿ ಅಮಾವಾಸ್ಯೆಗೂ ಸಾಲದೆ ಹೋಗಬೇಕು, ಹೋದಾಗ ಹೊಸದು ಕಟ್ಟಬೇಕು. ನಮ್ಮ ಮನೇಲಿ ಎಲ್ಲರ ದಾರ ಸುತ್ತುತ್ತಿದ್ದೋನು ಪಂಚಾಕ್ಷರಿಯೇ. ತನ್ನದನ್ನೂ ತಾನೇ ಸುತ್ತಿಕೊಂಡು, "ನಂದು ಸರಿ ಇದೆ" ಅಂತ ಮೊಳೆಗೆ ಹಾಕೋನು. ಟೇಪು ಹಿಡಿದೋನನ್ನ ಅಳೆಯೋರು ಯಾರು?

ಹೇಮಿ ಏಳು ತಿಂಗಳಿಗೆ ತವರಿಗೆ ಬಂದಳು, ಚೊಚ್ಚಲ ಹೆರಿಗೆ. ನಮ್ಮ ಒಲೆಯ ಮೊದಲ ತುತ್ತು ಅವಳ ಬಾಯಿಗೆ ಬಿದ್ದ ಘಳಿಗೆಯಿಂದ ಅವಳೂ ಹೊಟ್ಟೆಯ ಕೂಸೂ ನಮ್ಮ ಲೆಕ್ಕಕ್ಕೆ ಸೇರಿದರು. ಇಂಥ ಹೊತ್ತಲ್ಲಿ ಮಿಕ್ಕವರೆಲ್ಲ ತಟ್ಟೆಯಲ್ಲಿ ಸ್ವಲ್ಪ ಬಿಡಬೇಕು. ಅದಕ್ಕೆ ಜಾಗ ಬಿಡೋದು ಅಂತಾರೆ. ಬಸುರಿಯ ಕಣ್ಣೆದುರೇ ಬಿಡಬೇಕು, ಅವಳಿಗೆ ಧೈರ್ಯ ಬರಲಿ ಅಂತ. ವಿಶಾಲು ಅರ್ಧ ಮುದ್ದೆ ಬಿಟ್ಟಳು. ನಾನು ಮುದ್ದೆಯನ್ನೇ ಬಿಟ್ಟೆ, ಸಾರು ಕುಡಿದು ಎದ್ದೆ. ಪಂಚಾಕ್ಷರಿಯೂ ಬಿಟ್ಟ. ನನ್ನ ಸೊಂಟದ ಸೀರೆ ಜಾರೋಕೆ ಶುರುವಾಯ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಆದರೂ ಖುಷಿ. ಮದುವೆಯಿಲ್ಲ, ಮಕ್ಕಳಿಲ್ಲ, ಈ ಮೈಯಿಂದ ಒಂದು ಕೂಸಿಗಾದರೂ ಉಪಯೋಗವಾಗಲಿ ಅಂತ.

ಅಮಾವಾಸ್ಯೆ ಬಂತು. ಮಗಳು ಬಂದ ದಿನ ಅಳೆದಿಟ್ಟಿದ್ದ ಕೆಂಪು ದಾರವನ್ನ ಪಂಚಾಕ್ಷರಿ ಅವಳ ಹೊಟ್ಟೆಗೆ ಸುತ್ತಿದ. ತುದಿಗೆ ತುದಿ ಕೂಡಿಕೊಂಡಿತು. ಒಂದು ಎಳೆಯಷ್ಟೂ ಬೆಳೆದಿಲ್ಲ! ವಿಶಾಲು ಇನ್ನೊಮ್ಮೆ ಸುತ್ತಿಸಿದಳು, ಮತ್ತೊಮ್ಮೆ ಸುತ್ತಿಸಿದಳು. ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ನಮ್ಮ ಮೂರೂ ಜನದ ಮುಖ ನೋಡಿ ಹೇಳಿದರು: "ಕೂಸಿಗೆ ಜಾಗ ಸಿಗ್ತಿಲ್ಲ. ನಿಮ್ಮನೇಲಿ ಯಾರೋ ತುಂಬಿಕೊಳ್ತಾ ಇದ್ದಾರೆ. ಬರೋ ಅಮಾವಾಸ್ಯೆಗೂ ದಾರ ಹೀಗೇ ಕೂಡಿತೋ, ಮಗು ಹುಟ್ಟಿದರೂ ಕೈಗೆ ದಕ್ಕೋದು ಅನುಮಾನ. ಮುಚ್ಚಿಡಬೇಡಿ, ಮನೇಲಿ ಕೂತು ಮಾತಾಡಿ." ದಾರಿಯುದ್ದಕ್ಕೂ ಹೇಮಿ ಸೆರಗಲ್ಲಿ ಬಾಯಿ ಮುಚ್ಕೊಂಡೇ ಬಂದಳು.

ಯಾರು ತುಂಬಿಕೊಳ್ತಾ ಇದ್ದಾರೆ? ಮೂರು ಜನದಲ್ಲಿ ಒಬ್ಬಳು ಆನೆ ಥರ ಇದ್ದರೆ ಕಣ್ಣು ಎಲ್ಲಿಗೆ ಹೋಗುತ್ತೆ ಹೇಳಿ. "ನನ್ನ ದಾರ ನೋಡಿದೆಯಲ್ಲೇ, ಎರಡು ಬೆರಳು ಹಾದು ಹೋಗಿದೆ" ಅಂದೆ. ವಿಶಾಲು ಪಾತ್ರೆ ತೊಳೀತಾ ಮುಖ ಎತ್ತದೆ, "ದಪ್ಪ ಕೈಗೆ ದಾರ ಸುತ್ತಿದ್ರೆ ಮಾಂಸದೊಳಗೆ ಹೂತ್ಕೊಳ್ಳುತ್ತೆ ಅತ್ತಿಗೆ, ಎಷ್ಟು ಎಳೆದ್ರೂ ಬರುತ್ತೆ" ಅಂದಳು. ಅವಳು ಕೆಟ್ಟವಳಲ್ಲ. ಮಗಳ ಸಂಕಟ ಅವಳ ಬಾಯಲ್ಲಿ ಹಾಗೆ ಬಂತು. ಆದರೆ ಆ ಮಾತು ಮೈಗೆ ಕಾದ ಎಣ್ಣೆ ಬಿದ್ದ ಹಾಗಾಯ್ತು. ನಾನು ತಮ್ಮನ ಮುಖ ನೋಡಿದೆ. ಎಳೆಯದೆ ಸುತ್ತಿದ್ದೋನು ಅವನೇ ತಾನೆ? ಅವನು ಸೂಜಿಗೆ ದಾರ ಪೋಣಿಸ್ತಾ ಕೂತಿದ್ದ. ತುಟಿ ಪಿಟಕ್ ಅನ್ನಲಿಲ್ಲ.

ಅವನು ಯಾಕೆ ಸುಮ್ಮನಿದ್ದ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಅವನೇ ಹೇಳಿದ, ಒಂದೇ ಸಲ ಅಲ್ಲ, ಸೊಪ್ಪು ಬಿಡಿಸ್ತಾ ಬಿಡಿಸ್ತಾ ದಿನಾ ಒಂದಿಷ್ಟು. ನಾನು ಆಗಲೇ ಗೊತ್ತಿದ್ದವಳ ಹಾಗೆ ಹೇಳ್ಕೊಂಡು ಹೋಗ್ತೀನಿ, ನಡುವೆ ಬಾಯಿ ಹಾಕಬೇಡಿ.

ಹೇಮಿ ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟು ಬರುವಾಗ ಮೂಲೆಯ ಬೇಕರಿಯಲ್ಲಿ ಒಂದು ಚಾಕಲೇಟು ತರೋಳು. ಅಪ್ಪನ ಎರಡೂ ಕೈ ಬಟ್ಟೆಯ ಮೇಲೆ ಇರ್ತಿತ್ತಲ್ಲ, ಮಿಷನ್ನು ನಿಲ್ಲಿಸೋ ಹಾಗಿಲ್ಲ, ಅದಕ್ಕೆ ಅರ್ಧ ಮುರಿದು ಅವನ ಬಾಯಿಗೇ ಇಡೋಳು. ಕಾಲೇಜಿಗೆ ಹೋದರೂ ಆ ರೂಢಿ ಬಿಟ್ಟಿರಲಿಲ್ಲ. ಅವಳ ಮದುವೆಯಾದ ಮಾರನೇ ಮಧ್ಯಾಹ್ನ ಅದೇ ಹೊತ್ತಿಗೆ ಅವನ ಕಾಲು ಮಿಷನ್ನಿನ ಮೇಲೆ ತಾನಾಗಿ ನಿಂತು ಹೋಯ್ತಂತೆ. ಬಾಗಿಲ ಕಡೆ ನೋಡಿದ. ಯಾರು ಬರಬೇಕು? ಎದ್ದು ಬೇಕರಿಗೆ ಹೋಗಿ ಒಂದು ಚಾಕಲೇಟು ತಂದು, ಪರದೆಯ ಹಿಂದೆ ನಿಂತು, ಅರ್ಧ ತಿಂದ. ಇನ್ನರ್ಧ ಇಟ್ಟುಕೊಂಡು ಏನು ಮಾಡೋದು? ಅದನ್ನೂ ತಿಂದ. ಮಾರನೇ ದಿನವೂ ಹೋದ. ಬರಬರುತ್ತಾ ದೊಡ್ಡ ಪಟ್ಟಿಯೇ ಬೇಕಾಯ್ತು, ಕಡಲೆಬೀಜ ಹಾಕಿದ್ದು, ಒಳಗೆ ಕೆನೆ ತುಂಬಿದ್ದು. ಹಾಳೆಯನ್ನ ಚಿಂದಿಬಟ್ಟೆಯ ಜೊತೆ ಒಲೆಗೆ ಹಾಕಿಬಿಡೋನು. "ಅಕ್ಕ, ಪ್ರತಿ ತುತ್ತಿಗೂ ಯಾರೋ ಕಣ್ಣಿಡೋ ಊರಲ್ಲಿ ಆ ಪರದೆ ಹಿಂದೆ ಒಂದು ಘಳಿಗೆ ನನ್ನ ಬಾಯನ್ನ ಯಾರೂ ನೋಡ್ತಿರಲಿಲ್ಲ, ಅದೇ ರುಚಿ" ಅಂದ. ಮಗಳು ಹೋದ ಮೇಲೆ ಮನೇಲಿ ಅವಳ ತೂಕದ ಜಾಗ ಖಾಲಿ ಬಿದ್ದಿತ್ತು. ಅದನ್ನ ಇವನು ಚಾಕಲೇಟಲ್ಲಿ ತುಂಬಿಸ್ಕೊಂಡ. ಅಂಗಿಯ ಹೊಲಿಗೆ ತಾನೇ ಬಿಚ್ಚಿ ತಾನೇ ಸಡಿಲ ಮಾಡ್ಕೊಂಡ, ಮೊಳೆಯ ಮೇಲಿದ್ದ ತನ್ನ ದಾರವನ್ನ ಎರಡು ಸಲ ಬದಲಾಯಿಸಿದ.

ಮಗಳು ಬಂದ ಮೇಲಾದರೂ ಬಿಡಬೇಡವಾ? ಬಿಡಬೇಕು ಅಂತಲೇ ಇದ್ದನಂತೆ. ಆದರೆ ನಾಲಿಗೆಯ ಚಪಲಕ್ಕೆ ನಮ್ಮೂರಲ್ಲಿ ಆಳಿಗೊಂದು ಶಾಸ್ತ್ರ. ನಿಂತ್ಕೊಂಡು ತಿಂದದ್ದು ಲೆಕ್ಕಕ್ಕಿಲ್ಲ ಅಂತ ಕೆಲವರು, ಸೇತುವೆ ದಾಟಿ ತಿಂದದ್ದು ಸೇರಲ್ಲ ಅಂತ ಕೆಲವರು. ಇವನದು ಇನ್ನೊಂದು: ನಮ್ಮ ಒಲೆಯಲ್ಲಿ ಬೇಯದೆ ಇದ್ದದ್ದು ನಮ್ಮ ಮನೆ ತೂಕಕ್ಕೆ ಹೇಗೆ ಸೇರುತ್ತೆ? ಚಾಕಲೇಟು ಎಲ್ಲಿಯೋ ಆಗಿ ಬಂದದ್ದು, ಅದರ ಪಾಡು ಅದಕ್ಕೆ. ಇಷ್ಟು ವರ್ಷ ಊರ ಜನರ ಸೊಂಟ ಅಳೆದೋನು, ತನ್ನ ಅಂಗಿಯ ಹೊಲಿಗೆ ಎರಡೆರಡು ಸಲ ಬಿಚ್ಚಿದೋನು, ಇದನ್ನ ನಂಬಿದ್ದ ಅಂದರೆ ನಂಬ್ತೀರಾ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯೋದು ಅಂದರೆ ಇದೇ.

ಆ ಕೆಂಪು ದಾರ ಕೂಡಿದ ದಿನ ಅವನ ಶಾಸ್ತ್ರ ಬಿರುಕು ಬಿಡ್ತು. ಇವತ್ತು ಹೋಗಲ್ಲ ಅಂದ್ಕೊಂಡ. ಮಧ್ಯಾಹ್ನ ಆಯ್ತು. ನೀರು ಕುಡಿದ, ಲವಂಗ ಕಚ್ಚಿದ, ದೇವರ ನಾಮ ಹೇಳಿದ. ಒಳಗೆ ಮಗಳು ಮಲಗಿದ್ದಾಳೆ, ಗೋಡೆಯಾಚೆಯಿಂದ ಅವಳು ಮಗ್ಗುಲು ಬದಲಾಯಿಸೋದು ಕೇಳಿಸುತ್ತೆ. ಆದರೂ ಚಪ್ಪಲಿ ಮೆಟ್ಟಿಕೊಂಡ! ಬೇಕರಿಯಿಂದ ತಂದು ಪರದೆಯ ಹಿಂದೆ ತಿನ್ನುವಾಗ ಅಳ್ತಾ ತಿಂದನಂತೆ. ಅಳ್ತಾ ತಿಂದರೂ ಸಿಹಿ ಸಿಹಿಯೇ ನೋಡಿ, ಹಾಳಾದ್ದು.

ಇತ್ತ ದಿನ ಉರುಳ್ತಾ ಇತ್ತು. ಹೇಮಿಯ ಕಣ್ಣ ಸುತ್ತ ಕಪ್ಪಾಯ್ತು. ಊಟಕ್ಕೆ ಕೂತರೆ ಅವಳು ತಟ್ಟೆ ನೋಡ್ತಿರಲಿಲ್ಲ, ನನ್ನ ಖಾಲಿ ತಟ್ಟೆ ನೋಡ್ತಿದ್ದಳು. "ಅತ್ತೆ, ನೀವು ಒಂದು ತುತ್ತಾದ್ರೂ ಉಣ್ಣಿ, ನನಗೆ ಗಂಟಲಲ್ಲಿ ಇಳಿಯಲ್ಲ" ಅನ್ನೋಳು. ವಿಶಾಲು ಕೂಡಲೇ, "ಅವರು ಎಲ್ಲಿ ಉಣ್ಣಬೇಕೋ ಅಲ್ಲಿ ಉಣ್ತಾರೆ ಬಿಡು, ನೀನು ಉಣ್ಣು" ಅನ್ನೋಳು. ನಾನು ನುಂಗಿಕೊಂಡೆ. ನುಂಗೋಕೆ ಅದೊಂದೇ ತಾನೆ ಉಳಿದಿದ್ದು! ಅಡುಗೆಮನೆಯ ಡಬ್ಬಗಳಿಗೆ ಅವಳು ಬೀಗ ಹಾಕಿದಳು. ಎದುರುಮನೆ ಪುಟ್ಟತಾಯಿ ಜಗಲಿಯಿಂದಲೇ, "ಚೆನ್ನಾಜಿ, ಇನ್ನಾದರೂ ಬಾಯಿ ಕಟ್ಟೇ, ಪಾಪದ ಕೂಸು" ಅಂತ ಬೀದಿಗೆಲ್ಲ ಕೇಳೋ ಹಾಗೆ ಅಂದಳು. ಪಂಚಾಕ್ಷರಿ ಅಂಗಡಿಯಲ್ಲೇ ಇದ್ದ, ಕೇಳಿಸಿಕೊಂಡ, ಮಿಷನ್ನು ಜೋರಾಗಿ ತುಳಿದ.

ಅಮಾವಾಸ್ಯೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ವಿಶಾಲು ನನ್ನ ಹತ್ತಿರ ಬಂದು ಕೂತಳು. ಅವಳ ಕೈ ತಣ್ಣಗಿತ್ತು. "ಅತ್ತಿಗೆ, ತಪ್ಪು ತಿಳೀಬೇಡಿ. ಹೇಮಿ ಹೆರೋವರೆಗೂ ನೀವು ಒಲೆ ಬೇರೆ ಮಾಡ್ಕೊಳ್ಳಿ. ನಿಮ್ಮ ತೂಕ ಈ ಮನೆಯಿಂದ ಇಳಿದ್ರೆ ಕೂಸಿಗೆ ಬೇಕಾದಷ್ಟು ಜಾಗ ಆಗುತ್ತೆ" ಅಂದಳು. ಒಲೆ ಬೇರೆ ಅಂದರೆ ನಿಮಗೆ ಅರ್ಥ ಆಗಲಿಕ್ಕಿಲ್ಲ. ಮನೆ ಒಲೆಯಿಂದ ಒಂದು ಕೆಂಡ ಮಣ್ಣಿನ ಕುಡಿಕೆಯಲ್ಲಿ ಇಟ್ಟು ಕೊಡ್ತಾರೆ. ಅದನ್ನ ಹಿಡ್ಕೊಂಡು ಹೊಸಿಲು ದಾಟಿದ ಮೇಲೆ ಮುಗೀತು. ಕೆರೆ ಕಡೆಯ ಸಾಲುಮನೆಯಲ್ಲಿ ಒಬ್ಬರೇ ಬೇಯಿಸಿಕೊಂಡು ಉಣ್ಣಬೇಕು, ಒಂಟಿ ಒಲೆಯವರಿಗೆ ಊರಲ್ಲಿ ಯಾರೂ ಎಲೆ ಹಾಕಲ್ಲ. ಹೆರೋವರೆಗೂ ಅಂತ ಹೋದವರು ಯಾರೂ ವಾಪಸ್ ಬಂದದ್ದನ್ನ ನಾನು ಕಂಡಿಲ್ಲ, ಅಷ್ಟರಲ್ಲಿ ಅವರ ಜಾಗ ತುಂಬಿ ಹೋಗಿರುತ್ತೆ. ನನಗೆ ಕೋಪ ಬಂತು, ಅಳು ಬಂತು, ಎರಡನ್ನೂ ಪಕ್ಕಕ್ಕಿಟ್ಟೆ. ನಾನು ಹೋದರೆ ಮಗು ಉಳಿಯೋದು ನಿಜ ತಾನೆ? "ಶುಕ್ರವಾರ ಹೋಗ್ತೀನಿ, ಒಳ್ಳೇ ದಿನ" ಅಂದೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಎರಡು ಸೀರೆ ಗಂಟು ಕಟ್ಟಿಕೊಂಡು ಅಡುಗೆಮನೆಗೆ ಬಂದೆ. ಹೇಮಿ ಕಂಬಕ್ಕೆ ಒರಗಿ ನಿಂತು, "ಬೇಡಮ್ಮಾ, ಅತ್ತೆನ ಕಳಿಸಬೇಡಮ್ಮಾ" ಅಂತ ಒಂದೇ ಸಮ ಅಳ್ತಿದ್ದಳು. ವಿಶಾಲು ಇಕ್ಕಳದಲ್ಲಿ ಕೆಂಡ ಹಿಡಿದಿದ್ದಳು, ಅವಳ ಕಣ್ಣಲ್ಲೂ ನೀರು, ಆದರೆ ಕೈ ಗಟ್ಟಿ. ಕುಡಿಕೆ ನನ್ನ ಕೈಯಲ್ಲಿ. ಪಂಚಾಕ್ಷರಿ ನಡುಬಾಗಿಲಲ್ಲಿ ನಿಂತಿದ್ದ, ಕತ್ತಿಗೆ ಟೇಪು ಹಾಕ್ಕೊಂಡು. ಅವನ ಮುಖ ನೋಡಿ ಇವನಿಗೆ ಜ್ವರ ಬಂದಿರಬೇಕು ಅಂದ್ಕೊಂಡೆ. ಕೆಂಡ ಕುಡಿಕೆಗೆ ಬೀಳಬೇಕು, ಅಷ್ಟರಲ್ಲಿ ಅವನು, "ವಿಶಾಲೂ, ಇಡು ಅದನ್ನ" ಅಂದ. ಸ್ವರ ಎಷ್ಟು ಒಡೆದಿತ್ತು ಅಂದರೆ ಅವಳಿಗೆ ಕೇಳಿಸಲೇ ಇಲ್ಲ. ಅವನು ಬಂದು ಇಕ್ಕಳವನ್ನೇ ಹಿಡ್ಕೊಂಡ. ಬಿಸಿ ತಾಗಿ ಬೆರಳು ಚುರ್ ಅಂದರೂ ಬಿಡಲಿಲ್ಲ. "ಮೊದಲು ನನ್ನನ್ನ ಅಳೆ" ಅಂದ.

"ನಿಮ್ಮನ್ನ ಯಾಕ್ರೀ?" ಅಂದಳು ವಿಶಾಲು. ಅವನು ಮೊಳೆಯಿಂದ ತನ್ನ ದಾರ ತೆಗೆದು ಒಲೆಗೆ ಬಿಸಾಕಿದ. ದೇವರ ಗೂಡಿನ ಹಿಂದೆ ಮಡಿಸಿಟ್ಟಿದ್ದ ಹಳೇ ದಾರ ತಂದ. ಹೇಮಿಯ ಮದುವೆಗೆ ಮುಂಚಿನದು. ಮಣಿಕಟ್ಟು ಮುಂದೆ ಚಾಚಿದ. ವಿಶಾಲು ಸುತ್ತಿದಳು. ತುದಿಗಳು ಒಂದನ್ನೊಂದು ಮುಟ್ಟಲಿಲ್ಲ. ನಡುವೆ ಎರಡು ಬೆರಳು ಇಡಬಹುದಾಗಿತ್ತು. ಅವಳು ಎಳೆದಳು, ಇನ್ನೂ ಎಳೆದಳು, ದಾರ ಚರ್ಮ ಕೊಯ್ಯುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ಬೇಕರಿ, ಪರದೆ, ದಿನಾ ಮಧ್ಯಾಹ್ನ. ಹೇಳ್ತಾ ಹೇಳ್ತಾ ಯಾರ ಮುಖವನ್ನೂ ನೋಡಲಿಲ್ಲ.

ವಿಶಾಲು, "ಮಗಳ ಹೊಟ್ಟೆ ಮೇಲೆ ಹೊಡೆದ್ರಲ್ರೀ" ಅಂತ ನೆಲಕ್ಕೆ ಕೈ ಬಡಿದು ಅತ್ತಳು. ನನಗೆ ಕರುಣೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕುಡಿಕೆ ಎತ್ತಿ ಅವನ ತಲೆಗೆ ಹಾಕೋಣ ಅನ್ನಿಸ್ತು. ಎರಡು ತಿಂಗಳು ನಾನು ಸಾರು ಕುಡಿದು ಮಲಗಿದೆ. ಆ ಕೂಸಿಗೆ ಅಂತ ಬಿಟ್ಟೆ. ಬಿಟ್ಟದ್ದೆಲ್ಲ ಇವನ ಸೊಂಟಕ್ಕೆ ಹೋಗಿ ಕೂತಿದೆ! "ಕಳ್ಳ ನನ್ಮಗನೆ, ನನ್ನನ್ನ ಬೀದಿಯವರು ಬೈಯುವಾಗ ನಿನ್ನ ಮಿಷನ್ನು ಚೆನ್ನಾಗಿ ಓಡ್ತಿತ್ತಲ್ಲೋ" ಅಂದೆ. ಅವನು ನನ್ನ ಕಾಲು ಹಿಡಿಯೋಕೆ ಬಂದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಒಪ್ಪಿಕೊಂಡ ಮಾತ್ರಕ್ಕೆ ಮುಗೀತಾ? ಅಮಾವಾಸ್ಯೆ ಹತ್ತಿರ ಬರ್ತಾ ಇದೆ. ಅವನು ಪ್ರಾಯಶ್ಚಿತ್ತ ಅಂತ ಉಪವಾಸ ಕೂತ. ನೀರು ಬಿಟ್ಟು ಬೇರೇನಿಲ್ಲ. ಅಪ್ಪ ಉಣ್ಣದೆ ನಾನು ಹೇಗೆ ಉಣ್ಣಲಿ ಅಂತ ಹೇಮಿಯೂ ತಟ್ಟೆ ಸರಿಸಿದಳು. ಈಗ ನಾಲ್ಕೂ ಜನ ಹಸಿದು ಕೂತ ಮನೆ. ಒಬ್ಬರನ್ನೊಬ್ಬರು ನೋಡ್ಕೊಂಡು ಒಣಗೋದು. ಅಲ್ಲಾ, ಬಿಟ್ಟ ತೂಕ ಗಾಳಿಯಲ್ಲಿ ತೇಲಿ ಹೋಗಿ ಹೊಟ್ಟೆಯೊಳಗೆ ಸೇರ್ಕೊಳ್ಳುತ್ತಾ? ಅದಕ್ಕೊಂದು ತಿನ್ನೋ ಬಾಯಿ ಬೇಡವಾ? ಜಾಗ ಬಿಡೋದು ಜಾಗ ಬಿಡೋದು ಅಂತ ಊರೇ ಕುಣಿಯುತ್ತೆ, ಬಸುರಿ ಎದುರಿಗೆ ಎಲ್ಲರೂ ತಟ್ಟೆ ಖಾಲಿ ಇಟ್ಟರೆ ಅವಳ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ ಅಂತ ಒಬ್ಬರಿಗೂ ಹೊಳೆದಿಲ್ಲ. ನನಗೂ ಹೊಳೆದಿರಲಿಲ್ಲ.

ಉಪವಾಸದ ಎರಡನೇ ಮಧ್ಯಾಹ್ನ ಅಂಗಡಿಯಲ್ಲಿ ಮಿಷನ್ನಿನ ಸದ್ದಿಲ್ಲ. ಹೋಗಿ ನೋಡಿದೆ, ಪರದೆ ಅಲ್ಲಾಡ್ತಿತ್ತು. ಸರಕ್ಕನೆ ಸರಿಸಿದೆ. ಅವನು ಹಾಳೆ ಬಿಚ್ಚಿದ ಚಾಕಲೇಟು ಹಿಡ್ಕೊಂಡು ನಿಂತಿದ್ದ, ಕಚ್ಚಿರಲಿಲ್ಲ. ಬೆವರಿನಲ್ಲಿ ಅದು ಕರಗಿ ಬೆರಳಿಗೆ ಮೆತ್ತಿಕೊಂಡಿತ್ತು. "ಅಕ್ಕ, ಬೈಯಬೇಡ. ಹೊಡಿ ಬೇಕಾದ್ರೆ. ಕೈ ನನ್ನ ಮಾತು ಕೇಳ್ತಿಲ್ಲ" ಅಂದ. ನೋಡಿದ ಕೂಡಲೇ ಗೊತ್ತಾಯ್ತು, ಆ ಬೆರಳು ಇನ್ನೊಂದು ಗಳಿಗೆಯಲ್ಲಿ ಬಾಯಿಗೆ ಹೋಗುತ್ತೆ. ಕಿತ್ತುಕೊಂಡರೆ ಇವತ್ತಿಗೆ ಆಯ್ತು, ನಾಳೆಗೆ? "ಲೋ, ಹೊಟ್ಟೇಲಿ ಏನೂ ಇಲ್ಲದೆ ನಿನ್ನೆಯಿಂದ ಕೂತಿದೀಯ, ಕೈ ಹೇಗೆ ಮಾತು ಕೇಳುತ್ತೆ? ಬಾ, ಮೊದಲು ಉಣ್ಣು. ಉಂಡ ಮೇಲೂ ಬೇಕು ಅನ್ನಿಸಿದರೆ ನನ್ನೆದುರಿಗೇ ತಿನ್ನು" ಅಂದೆ. ಬಾಗಿಲಲ್ಲಿ ನೆರಳು ಬಿತ್ತು. ಹೇಮಿ. ಅವಳು ಅಪ್ಪನ ಕೈ ನೋಡಿದಳು, ಅವನು ನಾಚಿಕೆಯಿಂದ ಆ ಚಾಕಲೇಟನ್ನ ಅವಳ ಕಡೆಗೇ ಚಾಚಿದ, ಪೆದ್ದ. ಅವಳು ತಲೆ ಅಲ್ಲಾಡಿಸಿದಳು. "ನಂಗೆ ಅದು ಬೇಡಪ್ಪ. ನಂಗೆ ಮುದ್ದೆ ಬೇಕು. ನೀನೂ ಉಣ್ಣೋದಾದ್ರೆ."

ವಿಶಾಲು ಆ ಹೊತ್ತಲ್ಲಿ ಒಲೆ ಹಚ್ಚಿ ಮುದ್ದೆ ತಿರುವಿದಳು. ಹುರುಳಿಕಾಳು ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ. ಅಪ್ಪ ಮಗಳು ಎದುರುಬದುರು ಕೂತರು. ಅವನು ಒಂದು ತುತ್ತು ಮುರಿದರೆ ಅವಳು ಒಂದು ಮುರೀತಿದ್ದಳು. ಅವನು ನಿಲ್ಲಿಸಿದರೆ ಅವಳೂ ನಿಲ್ಲಿಸಿ ಅವನ ಮುಖ ನೋಡ್ತಿದ್ದಳು. ಮಗಳು ಉಣ್ಣಲಿ ಅಂತ ತಮ್ಮ ತುತ್ತಿನ ಮೇಲೆ ತುತ್ತು ನುಂಗಿದ. ಆ ಚಾಕಲೇಟು ಮಿಷನ್ನಿನ ಮೇಲೆ ಕರಗಿ ಹೋಗಿತ್ತು, ನಾನೇ ಒರೆಸಿ ಚರಂಡಿಗೆ ಹಾಕಿದೆ.

ಆವತ್ತಿಂದ ಬೇಕರಿಯ ಹೊತ್ತಿಗೆ ಊಟ. ಬೆಳಿಗ್ಗೆ ಅಂಬಲಿ, ಸಂಜೆ ಮಗಳನ್ನ ಕರ್ಕೊಂಡು ಕೆರೆ ಏರಿಯ ಮೇಲೆ ನಡಿಗೆ, ಬೇಕರಿ ಎದುರಾಗದ ಹಾಗೆ ಹಿಂದಿನ ಓಣಿಯಿಂದ. ಸುಲಭಕ್ಕೆ ಬಿಟ್ಟ ಅಂತ ತಿಳೀಬೇಡಿ. ರೇಗೋನು, ಕತ್ತರಿ ಬಿಸಾಕೋನು, ಯಾರದೋ ರವಿಕೆಗೆ ಎರಡೂ ಎಡಗೈ ತೋಳೇ ಹೊಲಿದಿಟ್ಟ. ಒಂದು ದಿನ ಊಟಕ್ಕೆ ಕೂತು, ತಟ್ಟೆ ಮುಟ್ಟದೆ, "ಇವತ್ತು ತಿಂದೆ" ಅಂದ. ವಿಶಾಲು ಅವನ ತಟ್ಟೆಗೆ ಇನ್ನೊಂದಿಷ್ಟು ಪಲ್ಯ ಹಾಕಿ, "ಹೇಳಿದ್ರಲ್ಲ, ಉಣ್ಣಿ" ಅಂದಳು. ಪರದೆಯನ್ನ ಅವನೇ ಬಿಚ್ಚಿ ನನಗೆ ಕೌದಿ ಹೊಲಿಯೋಕೆ ಕೊಟ್ಟುಬಿಟ್ಟ. ಬಟ್ಟೆ ಹಾಕಿ ನೋಡೋರು ಇನ್ನು ಮನೆಯ ಒಳಗೆ ಹೋಗಿ ನೋಡಲಿ ಅಂದ.

ಅಮಾವಾಸ್ಯೆ ಬೆಳಗಾಯ್ತು. ಈ ಸಲ ದಾರ ವಿಶಾಲು ಕೈಯಲ್ಲಿ. ಹೇಮಿ ಗೋಡೆಗೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಕೊಂಡಳು. ಕೆಂಪು ದಾರ ಬೆನ್ನ ಹಿಂದಿನಿಂದ ಬಂತು, ಎರಡೂ ತುದಿ ಹೊಕ್ಕುಳ ಹತ್ತಿರ ಬಂದು ನಿಂತವು. ಮುಟ್ಟಲಿಲ್ಲ. ನಡುವೆ ಒಂದು ಅಂಗೈ ಅಗಲ ಹೊಟ್ಟೆ ಕಾಣಿಸ್ತಿತ್ತು, ಅಲ್ಲೇ ಒಳಗಿನಿಂದ ಒಂದು ಒದೆತ. ವಿಶಾಲು ಕಿರುಚಿಬಿಟ್ಟಳು. ಪಂಚಾಕ್ಷರಿ ಅಂಗಡಿಗೆ ಓಡಿ ಹೋಗಿ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿಕೊಂಡ. ಸಂತೋಷದ ಭರದಲ್ಲಿ ನನ್ನ ದಾರ ಸುತ್ತೋಕೆ ಯಾರಿಗೂ ನೆನಪಾಗಲಿಲ್ಲ.

ಹೆರಿಗೆ ಒಂದು ಮಧ್ಯಾಹ್ನ ಆಯ್ತು, ಮನೆಯಲ್ಲೇ, ಡಾಕ್ಟರಮ್ಮನೇ ಬಂದು ಮಾಡಿಸಿದರು. ಬಾಗಿಲ ಹೊರಗೆ ನಾವು ಕೂತಿದ್ದಷ್ಟು ಹೊತ್ತೂ ಒಳಗೆ ಹೇಮಿಯ ನರಳಾಟ. ನಡುವೆ ಒಂದು ಸಲ ಎಲ್ಲ ಸದ್ದೂ ನಿಂತು ಹೋಯ್ತು. ಪಂಚಾಕ್ಷರಿ ನನ್ನ ಕೈ ಹಿಡ್ಕೊಂಡ. ಆ ಕೈಯ ಮೇಲೆ ನನಗೆ ಇನ್ನೂ ಸಿಟ್ಟಿತ್ತು, ಆದರೂ ಬಿಡಿಸ್ಕೊಳ್ಳಲಿಲ್ಲ. ಆಮೇಲೆ ಕೂಸು ಅತ್ತಿತು. ಅಬ್ಬಾ, ಏನು ಗಂಟಲು! ಪುಟ್ಟತಾಯಿ ಎದುರುಮನೆಯಿಂದ ಸೆರಗು ಸಿಕ್ಕಿಸ್ಕೊಂಡು ಓಡಿ ಬಂದಳು.

ನಮ್ಮೂರಲ್ಲಿ ಹುಟ್ಟಿದ ಕೂಸನ್ನ ಮೊದಲು ಇಡೋದು ಅದಕ್ಕೆ ತೂಕ ಕೊಟ್ಟವರ ಮಡಿಲಿಗೆ. ಡಾಕ್ಟರಮ್ಮ ಕೂಸನ್ನ ಹಳೇ ಪಂಚೆಯಲ್ಲಿ ಸುತ್ತಿ ಹೊರಗೆ ತಂದು, "ಗಂಡು, ಗಟ್ಟಿಮುಟ್ಟಾಗಿದ್ದಾನೆ" ಅಂದರು. ಅಲ್ಲಿದ್ದವರೆಲ್ಲ ಪಂಚಾಕ್ಷರಿ ಕಡೆ ತಿರುಗಿದರು. ಅವನ ಅಂಗಿ ಜೋಲಾಡ್ತಿತ್ತು, ಕತ್ತಿನ ಮೂಳೆ ಎದ್ದಿತ್ತು, ಯಾರು ನೋಡಿದರೂ ಇವನೇ ಕೊಟ್ಟದ್ದು ಅನ್ನಬೇಕು. "ಮಡಿಲು ಒಡ್ಡಪ್ಪ ತಾತ" ಅಂದಳು ಪುಟ್ಟತಾಯಿ. ಅವನು ಎದ್ದು ನಿಂತ, ಕೈ ಚಾಚಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾನೇನು ಕೊಟ್ಟೆ? ಅಕ್ಕ ಈ ಕೂಸಿಗೆ ಅಂತ ಬಿಟ್ಟದ್ದನ್ನ ನಡುದಾರಿಯಲ್ಲಿ ನಾನು ತಿಂದೆ. ತಿಂದದ್ದನ್ನ ವಾಪಸ್ ಇಟ್ಟೆ, ಅಷ್ಟೆ. ಕೊಟ್ಟೋಳು ಅಲ್ಲಿ ಕೂತಿದ್ದಾಳೆ" ಅಂದ, ಬೀದಿಗೆಲ್ಲ ಕೇಳೋ ಹಾಗೆ. ವಿಶಾಲು ಬಂದು ನನ್ನ ಮುಂದೆ ಕೂತು ನನ್ನ ಸೆರಗನ್ನ ತಾನೇ ಬಿಡಿಸಿ ಮಡಿಲ ಮೇಲೆ ಹಾಸಿದಳು. ಅವಳ ಕಣ್ಣೀರು ನನ್ನ ಕೈ ಮೇಲೆ ಬಿತ್ತು.

ಕೂಸು ನನ್ನ ಮಡಿಲಿಗೆ ಬಂತು. ಎಷ್ಟು ಭಾರ ಅಂತೀರಿ! ಬಿಸಿಬಿಸಿ, ಕೆಂಪುಕೆಂಪು, ಕಾಲು ಝಾಡಿಸ್ತಾ ಇದೆ. ಎಲ್ಲರೂ ನಾನೇನು ಹೇಳ್ತೀನಿ ಅಂತ ನೋಡ್ತಿದ್ದರು. ಅಳಬೇಕಾಗಿತ್ತೋ ಏನೋ. ನನಗೆ ಆ ಹೊತ್ತಿಗೆ ಬಂದದ್ದು ಒಂದೇ ಮಾತು. ಆ ಮನೆಯಲ್ಲಿ ಹುಟ್ಟಿ ಕೂದಲು ಬೆಳ್ಳಗಾದರೂ, ಯಾರೆದುರಿಗೂ ಒಂದು ದಿನವೂ ಬಾಯಿ ಬಿಟ್ಟು ಹೇಳದೆ ಇದ್ದ ಮಾತು.

"ಹಸಿವಾಗ್ತಿದೆ ಕಣ್ರೋ," ಅಂದೆ, "ಯಾರಾದರೂ ಊಟ ಬಡಿಸಿ."